ಗಲ್ಲಾಪೆಟ್ಟಿಗೆಯ ಮೂರು ನಾಣ್ಯ: ಯಾವುದು ತಪ್ಪಚ್ಚು, ಯಾವುದು ಬರೀ ಪೆಟ್ಟು?

ಪ್ರಶ್ನೆ: ದಾವಣಗೆರೆಯಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮದು ಕಿರಾಣಿ ಅಂಗಡಿ. ರಾತ್ರಿ ಗಲ್ಲಾ ಎಣಿಸುವಾಗ ಮೂರು ವಿಚಿತ್ರ ನಾಣ್ಯ ಸಿಕ್ಕಿವೆ. ಒಂದು, 2000 ಇಸವಿಯ ಸ್ಟೀಲಿನ ಒಂದು ರೂಪಾಯಿ. ಸಿಂಹದ ಬದಿ ನೆಟ್ಟಗಿಟ್ಟು ತಿರುಗಿಸಿದರೆ ಹಿಂದಿನ ಬದಿ ತಲೆಕೆಳಗಾಗಿದೆ. ಎರಡು, ಹಳದಿ ಐದು ರೂಪಾಯಿ. ಅದರ ಇಸವಿಯ ಅಂಕಿಗಳು ಎರಡೆರಡಾಗಿ ಕಾಣುತ್ತವೆ. ಮೂರು, ಹತ್ತು ರೂಪಾಯಿ ನಾಣ್ಯ. ಅದರ ನಡುವಿನ ಬಿಲ್ಲೆ ಹಿಂದುಮುಂದಾಗಿ ಕೂತಿದೆ. ಇಂಥವಕ್ಕೆ ಲಕ್ಷಗಟ್ಟಲೆ ಬೆಲೆ ಎಂದು ಒಂದು ವಿಡಿಯೊದಲ್ಲಿ ನೋಡಿ ಫೋನ್ ಮಾಡಿದೆ. ನೋಂದಣಿಗೆ 2,500 ರೂಪಾಯಿ ಕಟ್ಟಿ ಎಂದರು. ಕಟ್ಟಲೇ? ಲಕ್ಷ ಬರದಿದ್ದರೂ ಪರವಾಗಿಲ್ಲ, ಇದನ್ನೇ ಹವ್ಯಾಸ ಮಾಡಿಕೊಳ್ಳುವ ಆಸೆ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕಟ್ಟಬೇಡಿ. ಉಳಿದದ್ದು ಆಮೇಲೆ. ನಾಣ್ಯ ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಇಸಕೊಳ್ಳಬಾರದು. ಹಳೆಯ ನೋಟು, ನಾಣ್ಯಗಳ ಮಾರಾಟಕ್ಕೆಂದು ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಬಳಸಿ ಶುಲ್ಕ, ಕಮಿಷನ್, ತೆರಿಗೆ ಅಂತ ಕೀಳುವವರಿದ್ದಾರೆ, ನಮಗೂ ಅವರಿಗೂ ಸಂಬಂಧವಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿತ್ತು. ವೈಷ್ಣೋದೇವಿಯ ಚಿತ್ರವಿರುವ ಐದರ, ಹತ್ತರ ನಾಣ್ಯಕ್ಕೆ ಹತ್ತು ಲಕ್ಷ ಎಂಬ ಸುದ್ದಿ ನಿಮ್ಮ ಫೋನಿಗೂ ಬಂದಿರಬಹುದು. ಅವು 2012ರ ಇಸವಿ ಹೊತ್ತು ಬಂದ ಸ್ಮರಣಾರ್ಥ ನಾಣ್ಯಗಳು. ಅಚ್ಚಿನಲ್ಲಿ ತಪ್ಪೂ ಇಲ್ಲ, ಅಪರೂಪವೂ ಅಲ್ಲ. ನನ್ನ ಡಬ್ಬಿಯಲ್ಲೇ ಏಳೆಂಟಿವೆ. ಲಕ್ಷ ಕೊಡುವವರು ಯಾರಾದರೂ ಇದ್ದರೆ ನಾನೂ ಮನೆ ರಿಪೇರಿ ಮಾಡಿಸಬೇಕು.

ಈಗ ನಿಮ್ಮ ಮೂರು ನಾಣ್ಯ. ನೀವು ಕಳಿಸಿದ ಚಿತ್ರಗಳನ್ನು ನೋಡಿದೆ. ಒಂದು ನಿಜ ಇರಬಹುದು, ಒಂದು ಅರ್ಧ ನಿಜ, ಒಂದು ಸುಳ್ಳು. ಯಾವುದು ಯಾವುದೆಂದು ಹೇಳಿಬಿಟ್ಟರೆ ನಿಮ್ಮ ಕೆಲಸ ಮುಗಿಯುತ್ತದೆ, ಹವ್ಯಾಸ ಶುರುವಾಗುವುದಿಲ್ಲ. ವಿಚಿತ್ರ ನಾಣ್ಯ ಕೈಗೆ ಬಂದಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಟಂಕಸಾಲೆಯ ಯಾವ ಹಂತದಲ್ಲಿ ಕೆಟ್ಟಿತು? ಉತ್ತರ ಸಿಕ್ಕರೆ ಅದು ತಪ್ಪಚ್ಚು. ಯಾವ ಹಂತಕ್ಕೂ ಹೊಂದದಿದ್ದರೆ ಟಂಕಸಾಲೆ ಬಿಟ್ಟ ಮೇಲೆ ಯಾರೋ ಸುತ್ತಿಗೆಯಲ್ಲಿ ಬಡಿದಿದ್ದಾರೆ, ರೈಲುಕಂಬಿಯ ಮೇಲೆ ಇಟ್ಟಿದ್ದಾರೆ, ಇಲ್ಲವೇ ಮಾರುವ ಸಲುವಾಗಿಯೇ ಮಾಡಿದ್ದಾರೆ. ಬೆಲೆಯ ಪ್ರಶ್ನೆ ಇದರ ನಂತರದ್ದು.

ಹಾಗಾಗಿ ನಾಣ್ಯ ಹೇಗೆ ಆಗುತ್ತದೆ ಎಂಬುದು ಗೊತ್ತಿರಬೇಕು. ನಿಮ್ಮ ಮನೆಯಲ್ಲಿ ನಿಪ್ಪಟ್ಟು ಮಾಡುವಾಗ ಹಿಟ್ಟನ್ನು ಅಗಲಕ್ಕೆ ಲಟ್ಟಿಸಿ ಡಬ್ಬಿಯ ಮುಚ್ಚಳದಿಂದ ಒತ್ತಿ ಒತ್ತಿ ತೆಗೆಯುತ್ತಾರಲ್ಲ, ಮೊದಲ ಹಂತ ಅದೇ. ಲೋಹದ ತಗಡಿನಿಂದ ದುಂಡು ಬಿಲ್ಲೆಗಳನ್ನು ಯಂತ್ರ ಕೊಚ್ಚಿ ತೆಗೆಯುತ್ತದೆ. ಅವನ್ನು ಕಾಯಿಸಿ ಮೆದುಗೊಳಿಸುತ್ತಾರೆ, ತೊಳೆಯುತ್ತಾರೆ, ಅಂಚನ್ನು ಒತ್ತಿ ಸಣ್ಣ ಏರು ಬರಿಸುತ್ತಾರೆ. ಆಮೇಲೆ ಬಿಲ್ಲೆ ಅಚ್ಚುಯಂತ್ರಕ್ಕೆ ಹೋಗುತ್ತದೆ. ಅಲ್ಲಿ ಕೆಳಗೊಂದು ಡೈ, ಅಂದರೆ ಚಿತ್ರ ಕೆತ್ತಿದ ಉಕ್ಕಿನ ಅಚ್ಚು, ಮೇಲೊಂದು ಡೈ, ಸುತ್ತ ಕಾಲರ್ ಎಂಬ ಉಕ್ಕಿನ ಬಳೆ. ಬಿಲ್ಲೆ ಬಳೆಯೊಳಗೆ ಕೂರುತ್ತದೆ, ಮೇಲಿನ ಡೈ ಬಡಿಯುತ್ತದೆ, ಎರಡು ಮುಖ ಮತ್ತು ಅಂಚು ಒಂದೇ ಏಟಿಗೆ ಮೂಡುತ್ತವೆ. ಬಡಿದದ್ದು ಹೊರಗೆ, ಹೊಸ ಬಿಲ್ಲೆ ಒಳಗೆ. ನಿಮಿಷಕ್ಕೆ ನೂರಾರು ಸಲ.

ಅಂದರೆ ಕೆಡಲು ಮೂರು ಜಾಗ: ಬಿಲ್ಲೆ, ಡೈ, ಏಟು.

ಬಿಲ್ಲೆ ಕೆಟ್ಟದ್ದಕ್ಕೆ ಒಳ್ಳೆಯ ಉದಾಹರಣೆ ಅರ್ಧಚಂದ್ರಾಕಾರದಲ್ಲಿ ಅಂಚು ಕಚ್ಚಿಹೋದ ನಾಣ್ಯ. ನಿಪ್ಪಟ್ಟು ಒತ್ತುವಾಗ ಮುಚ್ಚಳ ಮೊದಲೇ ತೆಗೆದ ತೂತಿನ ಮೇಲೆ ಸ್ವಲ್ಪ ಏರಿದರೆ ಏನಾಗುತ್ತದೆ? ಹೊಸ ನಿಪ್ಪಟ್ಟಿನ ಒಂದು ಬದಿ ಇಲಿ ಕಚ್ಚಿದಂತೆ ಒಳಕ್ಕೆ ಬಾಗಿರುತ್ತದೆ. ನಾಣ್ಯದಲ್ಲೂ ಹಾಗೇ. ಇದನ್ನು ಕ್ಲಿಪ್ ಎನ್ನುತ್ತೇವೆ. ಅರದಿಂದ ಉಜ್ಜಿ ನಕಲು ಮಾಡುವವರು ಬೇಕಾದಷ್ಟು. ಆದರೆ ಅವರಿಗೆ ಒಂದು ವಿಷಯ ಮರೆತುಹೋಗಿರುತ್ತದೆ. ಕಚ್ಚಿಹೋದ ಜಾಗಕ್ಕೆ ನೇರ ಎದುರಿನ ಅಂಚನ್ನು ನೋಡಿ. ಅಂಚೊತ್ತುವ ಯಂತ್ರದಲ್ಲಿ ಬಿಲ್ಲೆಯನ್ನು ಎರಡೂ ಕಡೆಯಿಂದ ಹಿಡಿದು ಉರುಳಿಸುತ್ತಾರೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಬದಿಗೂ ಒತ್ತಡ ಬೀಳುವುದಿಲ್ಲ. ಅದಕ್ಕೇ ನಿಜವಾದ ಕ್ಲಿಪ್‌ನ ಎದುರಂಚು ಸಾಮಾನ್ಯವಾಗಿ ಮಸುಕಾಗಿ, ಏರಿಲ್ಲದೆ ಇರುತ್ತದೆ. ಅರದಲ್ಲಿ ಉಜ್ಜಿದ ನಾಣ್ಯದ ಎದುರಂಚು ಗಟ್ಟಿಮುಟ್ಟಾಗಿರುತ್ತದೆ. ಬ್ಲೇಕ್ಸ್‌ಲಿ ಪರಿಣಾಮ ಅಂತ ಇದಕ್ಕೊಂದು ಹೆಸರಿದೆ. ಎಲ್ಲ ಕ್ಲಿಪ್‌ಗಳಲ್ಲೂ ಸ್ಪಷ್ಟವಾಗಿ ಕಾಣಿಸದು, ಆದರೆ ಕಂಡರೆ ನೆಮ್ಮದಿ.

ಈಗ ನಿಮ್ಮ ಹತ್ತು ರೂಪಾಯಿ. ಎರಡು ಲೋಹದ ನಾಣ್ಯದಲ್ಲಿ ಹೊರಬಳೆ ಬೇರೆ, ನಡುಬಿಲ್ಲೆ ಬೇರೆ. ಎರಡೂ ಅಚ್ಚುಯಂತ್ರಕ್ಕೆ ಬರುವಾಗ ಬೋಳಾಗಿರುತ್ತವೆ, ಅಕ್ಷರವಿಲ್ಲ, ಸಿಂಹವಿಲ್ಲ. ಡೈ ಬಡಿದಾಗಲೇ ಅವು ಒಂದಕ್ಕೊಂದು ಕಚ್ಚಿಕೊಳ್ಳುವುದು, ಆಗಲೇ ಚಿತ್ರ ಮೂಡುವುದು. ಹಾಗಿದ್ದ ಮೇಲೆ ನಡುಬಿಲ್ಲೆ ಹಿಂದುಮುಂದಾಗಿ ಕೂರುವುದು ಹೇಗೆ? ಬೋಳು ಬಿಲ್ಲೆಗೆ ಹಿಂದೂ ಇಲ್ಲ, ಮುಂದೂ ಇಲ್ಲ. ನಿಮ್ಮ ನಾಣ್ಯದ ಬಿಲ್ಲೆಯನ್ನು ಯಾರೋ ವೈಸ್‌ಗೆ ಕೊಟ್ಟು ಹೊರಗೆ ತಳ್ಳಿ, ತಿರುವಿ ಮತ್ತೆ ಒತ್ತಿದ್ದಾರೆ. ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಿಡಿದು ಕೂಡುಗೆರೆಯ ಸುತ್ತ ನೋಡಿ, ಲೋಹ ತರಚಿ ಎದ್ದಿರುತ್ತದೆ. ಬಲ್ಬಿಗೆ ಎದುರು ಹಿಡಿದರೆ ಎಲ್ಲಾದರೂ ಒಂದು ಕಡೆ ಬೆಳಕು ತೂರಿ ಬರಬಹುದು. ನಡುಬಿಲ್ಲೆಯೇ ಇಲ್ಲದ, ಅಥವಾ ಬಿಲ್ಲೆ ಪಕ್ಕಕ್ಕೆ ಸರಿದು ಕೂತ ಹತ್ತರ ನಾಣ್ಯಗಳು ಟಂಕಸಾಲೆಯಿಂದ ಬಂದದ್ದುಂಟು. ಅವುಗಳಲ್ಲಿ ಲೋಹ ಹರಿದ ರೀತಿಯೇ ಬೇರೆ. ಹಿಂದುಮುಂದು ಮಾತ್ರ ಇಲ್ಲ.

ಹತ್ತರ ನಾಣ್ಯದ ಮಾತು ಬಂದಿತೆಂದು ಇನ್ನೊಂದು. ಹೊರಬಳೆಯ ಮೇಲೆ ಹದಿನೈದು ಗೆರೆಯದ್ದು ಖೋಟಾ, ಹತ್ತು ಗೆರೆಯದ್ದು ಅಸಲಿ ಎಂದು ಅಂಗಡಿಯವರೇ ತಗೊಳ್ಳದೆ ಕಾಡಿದ ಕಾಲ ನಿಮ್ಮ ತಂದೆಗೆ ನೆನಪಿರುತ್ತದೆ. ಹತ್ತರ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಚಲಾವಣೆಯವೇ ಎಂದು 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಬೇಕಾಯಿತು. ವಿನ್ಯಾಸ ಬದಲಾದದ್ದು ತಪ್ಪಚ್ಚಲ್ಲ. 2011ರಲ್ಲಿ ರೂಪಾಯಿಯ ಹೊಸ ಚಿಹ್ನೆ ಬಂದಾಗಲೂ ಅಷ್ಟೇ. ಅದೇ ಇಸವಿಯಲ್ಲಿ ಹೆಬ್ಬೆರಳು ಎತ್ತಿದ ಕೈಯ ಹಳೆ ಒಂದು ರೂಪಾಯಿಯೂ ಇದೆ, ಚಿಹ್ನೆ ಇರುವ ಹೊಸದೂ ಇದೆ. ಚಿಹ್ನೆ ಮರೆತುಹೋಗಿದೆ, ಎಷ್ಟಕ್ಕೆ ಹೋಗುತ್ತದೆ ಎಂದು ಇವತ್ತಿಗೂ ವಾರಕ್ಕೊಬ್ಬರು ಕೇಳುತ್ತಾರೆ.

ಎರಡನೆಯದು ಡೈ. ನನ್ನ ಮಟ್ಟಿಗೆ ಈ ಹವ್ಯಾಸದ ರುಚಿ ಇರುವುದೇ ಇಲ್ಲಿ. ಒಂದು ಡೈ ಲಕ್ಷಗಟ್ಟಲೆ ನಾಣ್ಯ ಬಡಿಯುತ್ತದೆ. ಬಡಿದೂ ಬಡಿದೂ ಸವೆಯುತ್ತದೆ, ಬಿರುಕು ಬಿಡುತ್ತದೆ, ಕೊನೆಗೆ ಚೂರು ಹಾರುತ್ತದೆ. ಡೈಗೆ ಆದ ಪ್ರತಿ ಗಾಯವೂ ನಾಣ್ಯದ ಮೇಲೆ ಉಬ್ಬಾಗಿ ಮೂಡುತ್ತದೆ, ಏಕೆಂದರೆ ಡೈಯ ತಗ್ಗಿಗೆ ಲೋಹ ತುಂಬಿಕೊಳ್ಳುತ್ತದೆ. ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ: ಉಬ್ಬಿದ ಗೆರೆ ಡೈಯದ್ದು, ತಗ್ಗಿದ ಗೆರೆ ಹೊರಗಿನ ಗೀರು. ಅಪವಾದವಿದೆ. ಬಿಲ್ಲೆಗೂ ಡೈಗೂ ನಡುವೆ ದಾರವೋ ತಂತಿಯೋ ಸಿಕ್ಕಿ ಒತ್ತಿದರೆ ತಗ್ಗೇ ಬೀಳುತ್ತದೆ. ಆದರೆ ಮೊದಲ ವರ್ಷ ಅದರ ಉಸಾಬರಿ ಬೇಡ.

ನನ್ನ ಹತ್ತಿರ ಖಡ್ಗಮೃಗದ 25 ಪೈಸೆ ಐದಿವೆ. ಐದೂ ಒಂದೇ ಇಸವಿ, ಒಂದೇ ಟಂಕಸಾಲೆ. ಹದಿನೈದು ವರ್ಷದ ಹಿಂದೆ ಚಿಕ್ಕಪೇಟೆಯಲ್ಲಿ ತೂಕದ ಲೆಕ್ಕದಲ್ಲಿ ಕೊಂಡ ಚೀಲದೊಳಗೆ ಮೊದಲ ಎರಡು ಸಿಕ್ಕವು. ಒಂದರಲ್ಲಿ ಅಂಚಿನಿಂದ ಕೂದಲೆಳೆಯಂಥ ಉಬ್ಬುಗೆರೆ ಹೊರಟು ಅರ್ಧಕ್ಕೇ ನಿಂತಿತ್ತು. ಇನ್ನೊಂದರಲ್ಲಿ ಅದೇ ಜಾಗದ ಅದೇ ಗೆರೆ ಖಡ್ಗಮೃಗದ ಕೊಂಬನ್ನು ಮುಟ್ಟಿತ್ತು. ಒಂದು ಕ್ಷಣ ಏನೂ ತೋಚಲಿಲ್ಲ. ಆಮೇಲೆ ಹೊಳೆಯಿತು, ಇವು ಒಂದೇ ಡೈಯ ಮಕ್ಕಳು, ಎರಡನೆಯದು ಕಿರಿಯದು. ಚೀಲವನ್ನೆಲ್ಲ ನೆಲಕ್ಕೆ ಸುರಿದು ಮೂರು ರಾತ್ರಿ ಕೂತೆ. ಮೂರನೆಯದರಲ್ಲಿ ಗೆರೆ ಕೊಂಬು ದಾಟಿತ್ತು. ನಾಲ್ಕನೆಯದರಲ್ಲಿ ಕವಲೊಡೆದಿತ್ತು. ಐದನೆಯದು ಎರಡು ವರ್ಷದ ನಂತರ ಬೇರೆ ಊರಿನ ಬೇರೆ ಡಬ್ಬಿಯಲ್ಲಿ ಸಿಕ್ಕಿತು. ಅದರಲ್ಲಿ ಅಂಚಿನ ಹತ್ತಿರದ ಚೂರು ಪೂರಾ ಹಾರಿಹೋಗಿ, ನಾಣ್ಯದ ಮೇಲೆ ಅಲ್ಲಿ ಚಿತ್ರವೇ ಇಲ್ಲ, ಬೆಲ್ಲದ ಚೂರು ಅಂಟಿದಂತೆ ಒಂದು ಗುಬ್ಬು. ಇಂಥ ಗುಬ್ಬನ್ನು ಕಡ್ ಎನ್ನುತ್ತಾರೆ. ಐದನ್ನೂ ಸಾಲಾಗಿ ಇಟ್ಟರೆ ಒಂದು ಉಕ್ಕಿನ ತುಂಡು ಸಾಯುವುದನ್ನು ನೋಡಬಹುದು. ಈ ಐದಕ್ಕೆ ಪೇಟೆಯಲ್ಲಿ ಯಾರೂ ದೊಡ್ಡ ಮೊತ್ತ ಕೊಡುವುದಿಲ್ಲ. ನಾನು ಕೊಡುವುದೂ ಇಲ್ಲ.

ಡೈಗಳಲ್ಲಿ ಇನ್ನೂ ಒಂದು ತಮಾಷೆ ನಡೆಯುತ್ತದೆ. ಒಂದೊಂದು ಸಲ ಬಿಲ್ಲೆ ಬರುವುದು ತಪ್ಪಿ, ಮೇಲಿನ ಡೈ ಕೆಳಗಿನ ಡೈಗೇ ಗುದ್ದುತ್ತದೆ. ಒಂದರ ಚಿತ್ರದ ಅಚ್ಚು ಇನ್ನೊಂದರ ಮೇಲೆ ಬೀಳುತ್ತದೆ. ಅಲ್ಲಿಂದ ಮುಂದೆ ಬಡಿದ ನಾಣ್ಯಗಳಲ್ಲಿ ಒಂದು ಎಂಬ ಅಂಕಿಯ ಪಕ್ಕದ ಖಾಲಿ ಜಾಗದಲ್ಲಿ ಸಿಂಹಗಳ ಬೆನ್ನಿನ ಗೆರೆ ದೆವ್ವದಂತೆ ಕಾಣುತ್ತದೆ. ದೀಪವನ್ನು ಪಕ್ಕದಿಂದ, ತಗ್ಗಿಸಿ ಹಿಡಿದು ನೋಡಬೇಕು. ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣದು.

ನಿಮ್ಮ ಐದು ರೂಪಾಯಿಯೂ ಡೈಯ ವಿಷಯವೇ ಎಂದು ವಿಡಿಯೊದವರು ಹೇಳಿರುತ್ತಾರೆ. ಡಬಲ್ ಡೈ ಎಂಬ ಪದ ಕಿವಿಗೆ ಇಂಪು. ನಿಜವಾದ ಡಬಲ್ ಡೈ ಹುಟ್ಟುವುದು ಡೈ ತಯಾರಿಸುವಾಗಲೇ. ಮೂಲ ಅಚ್ಚಿನಿಂದ ಡೈಯನ್ನು ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಿದ್ದ ಕಾಲದಲ್ಲಿ ಎರಡನೇ ಒತ್ತು ಕೂದಲಷ್ಟು ತಿರುಗಿ ಬಿದ್ದರೆ ಡೈಯ ಮೇಲೇ ಎರಡು ಚಿತ್ರ. ಅಮೆರಿಕದ 1955ರ ಲಿಂಕನ್ ಸೆಂಟ್ ಇದರಲ್ಲಿ ಜಗತ್ಪ್ರಸಿದ್ಧ. ಅದರಲ್ಲಿ ಇಸವಿ, ಅಕ್ಷರಗಳು ಬರಿಗಣ್ಣಿಗೇ ಎರಡೆರಡು. ಹಾಗಾದಾಗ ಎರಡು ಅಂಕಿಗಳೂ ತುಂಬಿಕೊಂಡು, ದುಂಡಗೆ, ಒಂದೇ ಎತ್ತರದಲ್ಲಿರುತ್ತವೆ. ಅಂಕಿಯ ಮೂಲೆಗಳಲ್ಲಿ ಹಾವಿನ ನಾಲಿಗೆಯಂತೆ ಸೀಳು ಕಾಣುತ್ತದೆ. ನಿಮ್ಮ ಚಿತ್ರದಲ್ಲಿರುವುದು ಬೇರೆ. ನಾಲ್ಕರ ಕಾಲಿನ ಪಕ್ಕದಲ್ಲಿ ಚಪ್ಪಟೆಯಾದ, ಹೊಳೆಯುವ, ತಗ್ಗಿನ ಒಂದು ಮೆಟ್ಟಿಲು. ಅಂಕಿ ದಪ್ಪವಾಗಿಲ್ಲ, ಸಣಕಲಾಗಿದೆ. ಸಡಿಲವಾಗಿ ಕೂತ ಡೈ ಬಡಿದ ಮರುಕ್ಷಣ ಅಲುಗಿ, ಮೂಡಿದ ಅಂಕಿಯ ಅಂಚನ್ನೇ ಸವರಿಕೊಂಡು ಹೋಗಿದೆ. ಇದಕ್ಕೆ ಮಷೀನ್ ಡಬ್ಲಿಂಗ್ ಅನ್ನುತ್ತಾರೆ. ಟಂಕಸಾಲೆಯಲ್ಲೇ ಆದದ್ದು ಹೌದು, ಬೆಲೆ ಇಲ್ಲ. ಅರ್ಧ ನಿಜ ಎಂದದ್ದು ಇದಕ್ಕೇ. ನಮ್ಮ ನಾಣ್ಯಗಳಲ್ಲಿ ಡಬಲ್ ಎಂದು ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಇಟ್ಟುಕೊಳ್ಳಿ, ಕಲಿಯಲಿಕ್ಕೆ ಬೇಕಾಗುತ್ತದೆ.

ಮೂರನೆಯದು ಏಟು. ಬಿಲ್ಲೆ ಬಳೆಯೊಳಗೆ ಸರಿಯಾಗಿ ಕೂರದೆ ಏಟು ಬಿದ್ದರೆ ಚಿತ್ರ ಪಕ್ಕಕ್ಕೆ ಸರಿಯುತ್ತದೆ, ಒಂದು ಕಡೆ ಬೋಳು ಅರ್ಧಚಂದ್ರ ಉಳಿಯುತ್ತದೆ. ಹೀಗೆ ಸರಿದದ್ದರಲ್ಲಿ ಇಸವಿ ಓದಲು ಬರುವುದನ್ನು ಸಂಗ್ರಾಹಕರು ಹೆಚ್ಚು ಇಷ್ಟಪಡುತ್ತಾರೆ. ಬಡಿದ ನಾಣ್ಯ ಹೊರಗೆ ಹೋಗದೆ ಡೈಗೇ ಅಂಟಿಕೊಂಡರೆ ಇನ್ನೂ ಸೊಗಸು. ಮುಂದಿನ ಬಿಲ್ಲೆಗೆ ಡೈಯ ಬದಲು ಆ ನಾಣ್ಯವೇ ಅಚ್ಚಾಗುತ್ತದೆ. ಒಂದು ಬದಿ ಸಿಂಹ ಉಬ್ಬಾಗಿ, ಇನ್ನೊಂದು ಬದಿ ಅದೇ ಸಿಂಹ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ, ತಗ್ಗಾಗಿ. ಹೊರದೇಶದವರು ಬ್ರೋಕೇಜ್ ಎನ್ನುವುದನ್ನು ನಮ್ಮ ದೇಶದ ಪೇಟೆಯಲ್ಲಿ ಲಾಖಿ ಎನ್ನುತ್ತಾರೆ. ಗಲ್ಲಾದಲ್ಲಿಟ್ಟರೆ ಲಕ್ಷ್ಮಿ ನೆಲೆಸುತ್ತಾಳೆ ಎಂಬ ನಂಬಿಕೆಯೂ ಉಂಟು. ನಿಮ್ಮ ಗಲ್ಲಾದಲ್ಲಿ ಒಂದು ಸಿಕ್ಕರೆ ನಂಬಿಕೆ ಪಕ್ಕಕ್ಕಿಟ್ಟು ಬಟ್ಟೆಯಲ್ಲಿ ಸುತ್ತಿಡಿ, ಅದಕ್ಕೆ ನಿಜವಾಗಿಯೂ ಗಿರಾಕಿಗಳಿದ್ದಾರೆ.

ಆದರೆ ಎರಡೂ ಬದಿ ಸಿಂಹ ಉಬ್ಬಾಗಿಯೇ, ನೆಟ್ಟಗೇ ಇದ್ದರೆ ಎಚ್ಚರ. ಇದು ನನ್ನ ಜೇಬಿನಿಂದ ಕಟ್ಟಿ ಕಲಿತ ಪಾಠ. ತೊಂಬತ್ತರ ದಶಕದ ಕೊನೆಗೆ ಒಂದು ನಾಣ್ಯ ಪ್ರದರ್ಶನದಲ್ಲಿ ಎರಡು ತಲೆಯ ಒಂದು ರೂಪಾಯಿಯನ್ನು ಆಗಿನ ನನ್ನ ಅರ್ಧ ತಿಂಗಳ ಸಂಬಳ ಕೊಟ್ಟು ತಂದೆ. ಮಾರಿದವರ ಮಾತಿನಲ್ಲಿ ಬೆಣ್ಣೆ. ಮನೆಗೆ ಬಂದು ಮೇಜಿನ ಮೇಲೆ ಬೀಳಿಸಿದೆ, ಟಣ್ ಎನ್ನಲಿಲ್ಲ, ಟಪ್ ಎಂದಿತು. ತೂಗಿದರೆ 4.85 ಗ್ರಾಂ ಇರಬೇಕಾದದ್ದು ಅರ್ಧ ಗ್ರಾಂ ಕಡಿಮೆ. ಲೂಪ್‌ನಲ್ಲಿ ಅಂಚಿನ ಏರು ಒಳಮೈಗೆ ಸೇರುವ ಮೂಲೆಯನ್ನು ಹುಡುಕುತ್ತ ಹೋದೆ. ಸುತ್ತಲೂ ಸೂಜಿಯಿಂದ ಗೀಚಿದಂಥ ಗೆರೆ. ಒಂದು ನಾಣ್ಯವನ್ನು ಲೇತ್‌ನಲ್ಲಿ ಬಟ್ಟಲಿನಂತೆ ಕೊರೆದು, ಇನ್ನೊಂದರ ಮುಖವನ್ನು ತೆಳ್ಳಗೆ ಹೆರೆದು ಅದರೊಳಗೆ ಕೂರಿಸಿದ್ದರು. ಕೈಕೆಲಸ ಮಾತ್ರ ಅಚ್ಚುಕಟ್ಟು. ಅದನ್ನು ಎಸೆದಿಲ್ಲ. ಹೊಸಬರು ಮನೆಗೆ ಬಂದಾಗ ಮೊದಲು ಕೈಗೆ ಕೊಡುವುದೇ ಅದನ್ನು.

ಈಗ ನಿಮ್ಮ ತಲೆಕೆಳಗಿನ ಒಂದು ರೂಪಾಯಿ. ನಿಜ ಎನ್ನದೆ, ನಿಜ ಇರಬಹುದು ಎಂದೆ. ಏಕೆಂದರೆ ನೀವು ನಾಣ್ಯವನ್ನು ಹೇಗೆ ತಿರುಗಿಸಿದಿರಿ ಎಂದು ಬರೆದಿಲ್ಲ. ಸಿಂಹ ನೆಟ್ಟಗಿರುವಂತೆ ಹಿಡಿಯಿರಿ. ಮೇಲಿನ, ಕೆಳಗಿನ ಅಂಚುಗಳನ್ನು ಎರಡು ಬೆರಳಲ್ಲಿ ಹಿಡಿದು ಪುಸ್ತಕದ ಹಾಳೆ ಮಗುಚುವಂತೆ ತಿರುಗಿಸಿ. ನಮ್ಮ ಗಣರಾಜ್ಯದ ನಾಣ್ಯಗಳಲ್ಲಿ ಹಿಂಬದಿಯೂ ನೆಟ್ಟಗೇ ಕಾಣಬೇಕು. ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತುವಂತೆ ಕೆಳಗಿನಿಂದ ಮೇಲಕ್ಕೆ ಮಗುಚಿದರೆ ಪ್ರತಿಯೊಂದು ನಾಣ್ಯವೂ ತಲೆಕೆಳಗೇ! ಹೀಗೆ ಮಗುಚಿ ನೋಡಿ ಮನೆಯ ನಾಣ್ಯವೆಲ್ಲ ತಪ್ಪಚ್ಚು ಎಂದು ಕುಣಿದವರನ್ನು ಕಂಡಿದ್ದೇನೆ. ಅಮೆರಿಕದ ನಾಣ್ಯಗಳಲ್ಲಿ ಕ್ರಮವೇ ತಿರುಗುಮುರುಗು, ಅಲ್ಲಿ ಕ್ಯಾಲೆಂಡರಿನಂತೆ ಮಗುಚಿದರೇ ನೆಟ್ಟಗೆ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ರಜೆಗೆ ಬಂದವನು ತನ್ನ ಕ್ವಾರ್ಟರ್‌ಗಳನ್ನು ನಮ್ಮ ಲೆಕ್ಕದಲ್ಲಿ ತಿರುಗಿಸಿ, ಒಂದು ಮಧ್ಯಾಹ್ನವಿಡೀ ಶ್ರೀಮಂತನಾಗಿದ್ದ.

ಹಾಳೆಯಂತೆ ತಿರುಗಿಸಿದಾಗಲೂ ತಲೆಕೆಳಗಾಗಿಯೇ ಇದ್ದರೆ ನಿಮ್ಮದು ಅಸಲಿ ಡೈ ರೊಟೇಶನ್. ಯಂತ್ರದಲ್ಲಿ ಒಂದು ಡೈ ಸರಿಯಾಗಿ ಬಿಗಿಯದೆ ತಿರುಗಿ ಕೂತಿದೆ. ಇದನ್ನು ನಕಲು ಮಾಡುವುದು ಕಷ್ಟ, ಅದಕ್ಕೇ ಹೊಸಬರಿಗೆ ನಾನು ಮೊದಲು ಹೇಳುವ ಜಾತಿ ಇದು. ಹತ್ತು ಹದಿನೈದು ಡಿಗ್ರಿ ಓರೆಯಾದದ್ದನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ತೊಂಬತ್ತು, ನೂರೆಂಬತ್ತು ಚೆಂದ. ಬೆಲೆಯೆಂದರೆ ಇಂಥ ಸಾಧಾರಣ ರೂಪಾಯಿಗೆ ಒಂದು ಮಸಾಲೆದೋಸೆ, ಗಿರಾಕಿ ಒಳ್ಳೆಯವನಾದರೆ ಜೊತೆಗೊಂದು ಕಾಫಿ.

ಶುರು ಮಾಡುವುದು ಹೇಗೆ ಎಂದಿರಿ. ನನ್ನ ಸಲಹೆ ಸ್ವಲ್ಪ ನೀರಸ ಅನ್ನಿಸಬಹುದು. ಆರು ತಿಂಗಳು ತಪ್ಪಚ್ಚು ಹುಡುಕಬೇಡಿ. ಒಂದೇ ಒಂದು ಜಾತಿಯ ಸರಿಯಾದ ನಾಣ್ಯವನ್ನು ಹಿಡಿದುಕೊಳ್ಳಿ. 1992ರಿಂದ 2004ರವರೆಗಿನ, ತೆನೆಗಳಿರುವ, 25 ಮಿಲಿಮೀಟರಿನ ಸ್ಟೀಲ್ ರೂಪಾಯಿ ಆಗಬಹುದು, ನಿಮ್ಮ ಗಲ್ಲಾದಲ್ಲೇ ಸಿಗುತ್ತದೆ. ಅಥವಾ 1988ರಿಂದ 2002ರ ಖಡ್ಗಮೃಗದ 25 ಪೈಸೆ. 2011ರ ಜೂನ್ 30ರ ನಂತರ ಅದು ಚಲಾವಣೆಯಲ್ಲಿಲ್ಲವಾದ್ದರಿಂದ ಡಬ್ಬಿಗಟ್ಟಲೆ ಅಗ್ಗಕ್ಕೆ ಸಿಗುತ್ತದೆ. ತೂಕ 2.83 ಗ್ರಾಂ, ಅಗಲ 19 ಮಿಲಿಮೀಟರ್, ಕಂಠಪಾಠ ಮಾಡಿಬಿಡಿ. ಸ್ಟೀಲ್ ಗಟ್ಟಿ ಲೋಹ, ಡೈಗಳನ್ನು ಬೇಗ ತಿನ್ನುತ್ತದೆ, ಹಾಗಾಗಿ ಬಿರುಕಿನ ಗೆರೆಗಳಿಗೆ ಬರವಿಲ್ಲ.

ಇಸವಿಯ ಕೆಳಗೆ ನೋಡುವುದನ್ನು ರೂಢಿ ಮಾಡಿಕೊಳ್ಳಿ, ಯಾವ ಟಂಕಸಾಲೆಯದೆಂಬ ಗುರುತು ಅಲ್ಲಿರುತ್ತದೆ. ವಜ್ರದಾಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಾದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಹೈದರಾಬಾದಿನ ಹಳೆಯ ನಾಣ್ಯಗಳಲ್ಲಿ ಸೀಳಿದ ವಜ್ರ, ಚುಕ್ಕೆಯಿಟ್ಟ ವಜ್ರ ಕೂಡ ಇವೆ. 1985ರ ಒಂದು ರೂಪಾಯಿಯಲ್ಲಿ ಎಚ್ ಎಂಬ ಇಂಗ್ಲಿಷ್ ಅಕ್ಷರ ಕಂಡರೆ ಗಾಬರಿಯಾಗಬೇಡಿ, ಆ ವರ್ಷ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯಲ್ಲೂ ನಮ್ಮ ರೂಪಾಯಿ ಬಡಿಸಿದ್ದರು. ಸವೆದ ವಜ್ರ ಚುಕ್ಕೆಯಂತೆ ಕಾಣುತ್ತದೆ, ಡೈಯ ತಗ್ಗಿನಲ್ಲಿ ಗ್ರೀಸು ತುಂಬಿ ಚುಕ್ಕೆ ಮೂಡದಿದ್ದರೆ ನೋಯ್ಡಾದ್ದು ಕೋಲ್ಕತ್ತದ್ದಾಗಿ ಕಾಣುತ್ತದೆ. ಮೊದಮೊದಲು ಎಲ್ಲರೂ ಎಡವುವುದು ಇಲ್ಲೇ. ಸತ್ಯಮೇವ ಜಯತೇಯ ಒಂದೆರಡು ಅಕ್ಷರ ಮಾಯವಾಗಿರುವುದೂ ಹೆಚ್ಚಾಗಿ ಇದೇ ಗ್ರೀಸಿನ ಮಹಿಮೆ.

ಇನ್ನೂರು ಮುನ್ನೂರು ಸರಿಯಾದ ನಾಣ್ಯ ನೋಡಿದ ಮೇಲೆ ಕಣ್ಣಿಗೆ ತಾನೇ ಗೊತ್ತಾಗತೊಡಗುತ್ತದೆ: ಈ ಡೈಯಲ್ಲಿ ಸಿಂಹ ಚೂರು ಚಿಕ್ಕದು, ಅದರಲ್ಲಿ ಒಂಬತ್ತರ ಬಾಲ ಉದ್ದ, ಇದರಲ್ಲಿ ನಕ್ಷತ್ರ ಇಸವಿಗೆ ತೀರಾ ಒತ್ತಿಕೊಂಡಿದೆ. ಇವೇ ಡೈ ವೆರೈಟಿಗಳು, ತಪ್ಪಲ್ಲ, ತಳಿಭೇದ. ಇಂಥ ಸಣ್ಣ ಭೇದಗಳನ್ನು ಓದಿ ಒಂದು ಗಂಟನ್ನೇ ಬಿಡಿಸಿದ ಉದಾಹರಣೆ ವಿಕ್ಟೋರಿಯಾ ರಾಣಿಯ 1862ರ ಬೆಳ್ಳಿ ರೂಪಾಯಿ. ಆ ಇಸವಿಯನ್ನು ಬದಲಿಸದೆ 1874ರವರೆಗೂ ರೂಪಾಯಿ ಬಡಿಯುತ್ತಲೇ ಇದ್ದರು. ಹನ್ನೆರಡು ವರ್ಷದ ನಾಣ್ಯಕ್ಕೆಲ್ಲ ಒಂದೇ ಇಸವಿ! ಆದರೆ ಇಸವಿಯ ಸುತ್ತ ಕೆಲವದರಲ್ಲಿ ಸಣ್ಣ ಸಣ್ಣ ಚುಕ್ಕೆಗಳು, ಒಂದೊಂದರಲ್ಲಿ ಒಂದೊಂದು ಸಂಖ್ಯೆ. ಅವು ಬೊಂಬಾಯಿ ಟಂಕಸಾಲೆಯವರು ನಿಜವಾದ ವರ್ಷ ಗುರುತಿಸಲು ಇಟ್ಟ ಲೆಕ್ಕ. ಅಜ್ಜಿಯ ಪೆಟ್ಟಿಗೆಯಲ್ಲಿ 1862 ಸಿಕ್ಕರೆ ಬೆಳ್ಳಿಯ ತೂಕಕ್ಕೆ ಮಾರುವ ಮುಂಚೆ ಚುಕ್ಕೆ ಎಣಿಸಿ. ಒಂದು ಮಾತು, ನೂರು ವರ್ಷ ದಾಟಿದ ನಾಣ್ಯವನ್ನು 1972ರ ಪುರಾವಸ್ತು ಕಾಯಿದೆಯ ಪ್ರಕಾರ ಹೊರದೇಶಕ್ಕೆ ಕಳಿಸುವಂತಿಲ್ಲ. ವಿದೇಶದ ನೆಂಟರು ಕೇಳಿದರೆ ನಕ್ಕು ಸುಮ್ಮನಾಗಿ.

ನಮ್ಮ ಕಡೆ ಟಿಪ್ಪುವಿನ ಆನೆಯ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು ಹಳ್ಳಿ ಮನೆಗಳಲ್ಲಿ ಈಗಲೂ ಸಿಗುತ್ತವೆ. ಆನೆಯ ಸೊಂಡಿಲು ನಾಣ್ಯದಿಂದ ಹೊರಗೆ ಹೋಗಿದೆ, ಅಕ್ಷರ ಅರ್ಧವೇ ಇದೆ, ತಪ್ಪಚ್ಚಲ್ಲವೇ ಎಂದು ಕೇಳುತ್ತಾರೆ. ಅಲ್ಲ. ಅವು ಕೈಯಲ್ಲಿ ಸುತ್ತಿಗೆ ಹಿಡಿದು ಬಡಿದವು, ಬಿಲ್ಲೆಗಿಂತ ಡೈ ದೊಡ್ಡದಿರುತ್ತಿತ್ತು. ಚಿತ್ರ ಪೂರ್ತಿ ಬಿದ್ದದ್ದೇ ಅಲ್ಲಿ ವಿಶೇಷ. ಒಂದೊಂದು ಡೈಯನ್ನೂ ಕೈಯಲ್ಲೇ ಕೆತ್ತಿದ್ದರಿಂದ ಒಂದರ ಆನೆಯಂತೆ ಇನ್ನೊಂದರ ಆನೆ ಇರುವುದಿಲ್ಲ. ಯಂತ್ರದ ಅಳತೆಗೋಲನ್ನು ಅವಕ್ಕೆ ಹಿಡಿಯಬೇಡಿ.

ಸಲಕರಣೆಗೆ ಹೆಚ್ಚು ಖರ್ಚಿಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್, ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ, ಅಗಲ ಅಳೆಯುವ ಕ್ಯಾಲಿಪರ್, ಒಂದು ಆಯಸ್ಕಾಂತ. ಹೆಚ್ಚು ಪಟ್ಟಿನ ಸೂಕ್ಷ್ಮದರ್ಶಕ ಈಗಲೇ ಬೇಡ, ಅದರಲ್ಲಿ ನೋಡಿದರೆ ಎಲ್ಲ ನಾಣ್ಯವೂ ತಪ್ಪಚ್ಚಾಗಿಯೇ ಕಾಣುತ್ತದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಮುಖ ಮುಟ್ಟಬೇಡಿ. ತೊಳೆಯಬೇಡಿ. ಎಂಟನೇ ತರಗತಿಯಲ್ಲಿದ್ದಾಗ ನಾನು ಅಜ್ಜನ ತಾಮ್ರದ ಕಾಸುಗಳನ್ನೆಲ್ಲ ಹುಣಸೆಹುಳಿಯಲ್ಲಿ ನೆನೆಹಾಕಿ ತಿಕ್ಕಿ ದೇವರ ಪಾತ್ರೆಯಂತೆ ಹೊಳೆಯಿಸಿದ್ದೆ. ನೂರೈವತ್ತು ವರ್ಷ ಕೂತು ಬಂದ ಕಂದುಬಣ್ಣ ಅರ್ಧ ಗಂಟೆಯಲ್ಲಿ ಹೋಯಿತು, ಅದರ ಜೊತೆ ಬೆಲೆಯೂ. ಮೆತ್ತನೆಯ ಪಿವಿಸಿ ಕವರುಗಳಲ್ಲಿ ವರ್ಷಗಟ್ಟಲೆ ಇಟ್ಟರೆ ಹಸಿರು ಜಿಗುಟು ಕಟ್ಟುತ್ತದೆ. ಕಿಟಕಿಯಿರುವ ರಟ್ಟಿನ ಹೋಲ್ಡರ್ ಒಳ್ಳೆಯದು. ರಟ್ಟಿನ ಮೇಲೆ ಎಲ್ಲಿ ಸಿಕ್ಕಿತು, ಯಾವತ್ತು, ತೂಕ ಎಷ್ಟು ಎಂದು ಬರೆಯಿರಿ. ಏನು ತಪ್ಪು ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ನನ್ನ ಹಳೆಯ ರಟ್ಟುಗಳಲ್ಲಿ ಡಬಲ್ ಡೈ ಎಂದಿದ್ದ ಎಷ್ಟೋ ಕಡೆ ಈಗ ರಬ್ಬರಿನ ಗುರುತಿದೆ.

ಅಂಗಡಿಯ ಮಗ ಆಗಿರುವುದು ನಿಮ್ಮ ಭಾಗ್ಯ. ನಾವೆಲ್ಲ ಕಂಡಕ್ಟರುಗಳ ಕೈಕಾಲು ಹಿಡಿದು ಚಿಲ್ಲರೆ ನೋಡಬೇಕಿತ್ತು. ಮೊದಲ ವರ್ಷ ಮುಖಬೆಲೆಗಿಂತ ಹೆಚ್ಚು ಕೊಟ್ಟು ಒಂದನ್ನೂ ಕೊಳ್ಳಬೇಡಿ, ಗಲ್ಲಾದಲ್ಲಿ ಬಂದದ್ದನ್ನು ಮುಖಬೆಲೆ ಹಾಕಿ ಎತ್ತಿಕೊಳ್ಳಿ, ಅಪ್ಪನ ಲೆಕ್ಕ ತಪ್ಪದಂತೆ. ಆ ಹತ್ತರ ನಾಣ್ಯವನ್ನು ಯಾರಿಗೂ ಅಪರೂಪದ್ದೆಂದು ಮಾರಬೇಡಿ. ನನ್ನ ಎರಡು ತಲೆಯ ರೂಪಾಯಿಯಂತೆ ನಿಮಗೂ ಅದು ಮುಂದೆ ಬರುವವರಿಗೆ ತೋರಿಸಲು ಬೇಕಾಗುತ್ತದೆ.

ಒಂದು ಬಾಕಿ ಇದೆ. ಆ ತಲೆಕೆಳಗಿನ ರೂಪಾಯಿಯ ಚಿತ್ರದಲ್ಲಿ ನಿಮ್ಮ ಹೆಬ್ಬೆರಳು ಸರಿಯಾಗಿ ಇಸವಿಯ ಕೆಳಭಾಗವನ್ನೇ ಮುಚ್ಚಿದೆ. ಹಾಳೆಯಂತೆ ತಿರುಗಿಸಿ ನೋಡಿ, ಎಷ್ಟು ಓರೆಯಾಗಿದೆ, 2000ದ ಕೆಳಗೆ ವಜ್ರವೋ, ಚುಕ್ಕೆಯೋ, ನಕ್ಷತ್ರವೋ, ಏನೂ ಇಲ್ಲವೋ ಬರೆಯಿರಿ. ನನ್ನ ಹತ್ತಿರ ಅದೇ ಇಸವಿಯ, ನೂರೆಂಬತ್ತು ಡಿಗ್ರಿ ತಿರುಗಿದ ನೋಯ್ಡಾದ್ದೊಂದಿದೆ. ನಿಮ್ಮದೂ ಚುಕ್ಕೆಯದ್ದೇ ಆಗಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೇ ಡೈಯವೋ ಎಂದು ನೋಡಬೇಕು.